ವಿಮಾನದಲ್ಲಿ ನಮ್ಮ ಮೈತೂಕಕ್ಕೆ ಎಷ್ಟು ದುಡ್ಡು?

ಅಮ್ಮನ ಜೊತೆ ದೆಹಲಿಯ ಅಕ್ಕನ ಮನೆಗೆ ಹೊರಟಿದ್ದೆ. ದೇವನಹಳ್ಳಿ ಏರ್‌ಪೋರ್ಟಿನ ಕೌಂಟರಿನಲ್ಲಿ ಅಮ್ಮನ ಬ್ಯಾಗನ್ನು ಬೆಲ್ಟ್ ಮೇಲೆ ಇಟ್ಟಾಗ 17.2 ಅಂತ ತೋರಿಸಿತು. ಒಳಗೆ ರಾಗಿ ಹಿಟ್ಟು, ಸಾರಿನ ಪುಡಿ, ಹುಣಸೆಹಣ್ಣು, ಅಕ್ಕನ ಮಕ್ಕಳಿಗೆ ಅಂತ ಕೋಡುಬಳೆ. ಟಿಕೆಟ್ ಜೊತೆ ಬಿಡುವುದು 15 ಕಿಲೋ ಮಾತ್ರ. "ಎರಡು ಕಿಲೋ ಜಾಸ್ತಿ ಇದೆ ಮೇಡಂ, ದುಡ್ಡು ಕಟ್ಟಬೇಕಾಗುತ್ತೆ" ಅಂದಳು ಕೌಂಟರಿನ ಹುಡುಗಿ.

ಅಮ್ಮನ ತೂಕ 46 ಕಿಲೋ. "ನಾನೂ ನನ್ನ ಬ್ಯಾಗೂ ಸೇರಿದ್ರೂ 65 ಕಿಲೋ ಆಗಲ್ಲ ಕಣಮ್ಮಾ. ವಿಮಾನಕ್ಕೆ ಒಟ್ಟು ಭಾರ ತಾನೇ ಲೆಕ್ಕ?" ಅಂತ ಕೇಳಿದರು. ಆ ಹುಡುಗಿ ನಕ್ಕು ಸುಮ್ಮನಾದಳು. ಕೊನೆಗೆ ರಾಗಿ ಹಿಟ್ಟಿನ ಎರಡು ಪ್ಯಾಕೆಟ್ ತೆಗೆದು ನನ್ನ ಹೆಗಲಿನ ಚೀಲಕ್ಕೆ ಹಾಕಿಕೊಂಡೆ. ಬೆಲ್ಟ್ ಮೇಲಿನ ಅಂಕಿ 15.2ಕ್ಕೆ ಇಳಿಯಿತು, ಬ್ಯಾಗ್ ಒಳಗೆ ಹೋಯಿತು. ಆ ಎರಡು ಕಿಲೋ ಹಿಟ್ಟು ಮಾತ್ರ ಅದೇ ವಿಮಾನದಲ್ಲಿ, ನನ್ನ ಕಾಲ ಬುಡದಲ್ಲಿ ದೆಹಲಿಗೆ ಬಂತು.

ಅಮ್ಮ ಕೇಳಿದ್ದು ನ್ಯಾಯವಾದ ಪ್ರಶ್ನೆ. ಬ್ಯಾಗನ್ನು ತೂಗುವವರು ಮನುಷ್ಯರನ್ನು ಯಾಕೆ ತೂಗಲ್ಲ? ತೂಗಿ, ಹಗುರ ಇದ್ದವರಿಗೆ ಕಡಿಮೆ, ಭಾರ ಇದ್ದವರಿಗೆ ಜಾಸ್ತಿ ಅಂತ ಟಿಕೆಟ್ ದರ ಇಟ್ಟರೆ ಅದು ಸರಿಯಾ? ಆವತ್ತಿನಿಂದ ಇದು ನನ್ನ ತಲೆಯಲ್ಲಿ ಕೂತಿದೆ. ಓದಿದಷ್ಟೂ ಒಂದು ವಿಷಯ ಸ್ಪಷ್ಟವಾಯಿತು. ಇಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ವಿಮಾನಕ್ಕೆ ನಮ್ಮ ತೂಕ ಗೊತ್ತಿರಬೇಕಾ ಅನ್ನೋದು ಒಂದು. ಆ ತೂಕಕ್ಕೆ ನಾವು ದುಡ್ಡು ಕೊಡಬೇಕಾ ಅನ್ನೋದು ಇನ್ನೊಂದು. ಎರಡಕ್ಕೂ ಉತ್ತರ ಬೇರೆ ಬೇರೆ.

ಮೊದಲು ದುಡ್ಡಿನ ಲೆಕ್ಕ ನೋಡೋಣ.

ವಿಮಾನ ಮೇಲೆ ನಿಲ್ಲಬೇಕಾದರೆ ಅದರ ಭಾರದಷ್ಟೇ ಬಲದಿಂದ ರೆಕ್ಕೆಗಳು ಅದನ್ನು ಮೇಲಕ್ಕೆ ಎತ್ತುತ್ತಿರಬೇಕು. ಭಾರ ಹೆಚ್ಚಿದಷ್ಟೂ ಗಾಳಿಯ ಎಳೆತವೂ ಹೆಚ್ಚುತ್ತೆ, ಎಂಜಿನ್ ಜಾಸ್ತಿ ದುಡಿಯಬೇಕು, ಇಂಧನ ಜಾಸ್ತಿ ಉರಿಯುತ್ತೆ. ಬೆಂಗಳೂರಿನಲ್ಲಿ ಇದರ ಜೊತೆಗೆ ಇನ್ನೊಂದು ಇದೆ. ನಮ್ಮ ಏರ್‌ಪೋರ್ಟ್ ಸಮುದ್ರ ಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳುವಾಗುತ್ತೆ. ಏಪ್ರಿಲ್ ಮಧ್ಯಾಹ್ನದ ಬಿಸಿಲಿನಲ್ಲಿ ಇನ್ನೂ ತೆಳು. ಮಂಗಳೂರಿನ ಎತ್ತರ ಇಷ್ಟಿಲ್ಲ, ಚೆನ್ನೈಯಂತೂ ಕಡಲ ಪಕ್ಕದಲ್ಲೇ ಇದೆ. ಅಲ್ಲಿಗಿಂತ ಇಲ್ಲಿ ಅದೇ ಭಾರವನ್ನು ಎತ್ತಲು ವಿಮಾನ ರನ್‌ವೇ ಮೇಲೆ ಜಾಸ್ತಿ ದೂರ ಓಡಬೇಕು. ದೇವನಹಳ್ಳಿಯ ರನ್‌ವೇಗಳು 4 ಕಿಲೋಮೀಟರ್ ಉದ್ದ ಇರುವುದು ಸುಮ್ನೆ ಅಲ್ಲ.

ಹಾಗಾದರೆ ಒಂದು ಕಿಲೋಗೆ ಎಷ್ಟು ಖರ್ಚು? ವಿಮಾನಯಾನದವರು ಬಳಸುವ ಒಂದು ಅಂದಾಜು ಇದೆ. ವಿಮಾನಕ್ಕೆ ಹೆಚ್ಚುವರಿ ಭಾರ ಹಾಕಿದರೆ, ಆ ಭಾರದ ನೂರಕ್ಕೆ ಸುಮಾರು ಮೂರರಷ್ಟು ಇಂಧನ ಪ್ರತಿ ಗಂಟೆಗೂ ಹೆಚ್ಚಾಗಿ ಉರಿಯುತ್ತೆ. ವಿಮಾನ, ದೂರ, ಎತ್ತರ ನೋಡಿಕೊಂಡು ಇದು ಸ್ವಲ್ಪ ಆಚೀಚೆ ಆಗುತ್ತೆ. ನಮ್ಮ ಲೆಕ್ಕಕ್ಕೆ ಮೂರು ಸಾಕು.

ಒಬ್ಬರ ತೂಕ 60 ಕಿಲೋ, ಇನ್ನೊಬ್ಬರದು 80 ಕಿಲೋ ಅಂದುಕೊಳ್ಳಿ. ವ್ಯತ್ಯಾಸ 20 ಕಿಲೋ. 20 ಕಿಲೋಗೆ ನೂರಕ್ಕೆ ಮೂರು ಅಂದರೆ ಗಂಟೆಗೆ 600 ಗ್ರಾಂ ಇಂಧನ. ಬೆಂಗಳೂರಿನಿಂದ ದೆಹಲಿಗೆ ಎರಡು ಮುಕ್ಕಾಲು ಗಂಟೆ ಅಂದರೆ 1,650 ಗ್ರಾಂ, ಹತ್ತಿರ ಹತ್ತಿರ 2 ಲೀಟರ್. ವಿಮಾನದ ಇಂಧನ ಲೀಟರಿಗೆ 95 ರೂಪಾಯಿ ಅಂತ ಹಿಡಿಯೋಣ. ಎಷ್ಟಾಯಿತು? 200 ರೂಪಾಯಿ ಒಳಗೆ. ಶಿವಮೊಗ್ಗಕ್ಕೆ ಹೋಗುವ ವಿಮಾನದಲ್ಲಿ, ಒಂದು ಗಂಟೆಯ ದಾರಿಗೆ, 70–75 ರೂಪಾಯಿ. ಹದಿನಾರು ಗಂಟೆಗೂ ಮೀರಿದ ಸ್ಯಾನ್ ಫ್ರಾನ್ಸಿಸ್ಕೋ ದಾರಿಯಲ್ಲಾದರೂ, ಇಂಧನ ಹೊರಲು ಬೇಕಾದ ಇಂಧನವನ್ನೂ ಸೇರಿಸಿಕೊಂಡು, ಸಾವಿರದಿಂದ ಸಾವಿರದೈನೂರು ರೂಪಾಯಿ ಆಸುಪಾಸು.

ಈ ಲೆಕ್ಕ ಮೊದಲ ಸಲ ಮಾಡಿದಾಗ ನಂಬಲಾಗದೆ ಮತ್ತೊಂದು ಸಲ ಮಾಡಿದೆ. ಆಮೇಲೆ ನೆನಪಿಗೆ ಬಂದದ್ದು ಗೋಏರ್ ಕಂಪನಿಯ ಹಳೆಯ ಸುದ್ದಿ. 2013ರಲ್ಲಿ ಆ ಕಂಪನಿ, ಇನ್ನು ಮುಂದೆ ಕ್ಯಾಬಿನ್ ಕೆಲಸಕ್ಕೆ ಹೆಂಗಸರನ್ನು ಮಾತ್ರ ತೆಗೆದುಕೊಳ್ಳುತ್ತೇವೆ, ಅವರು ಗಂಡಸರಿಗಿಂತ 15–20 ಕಿಲೋ ಹಗುರ ಅಂತ ಹೇಳಿತ್ತು. ಪ್ರತಿ ಹೆಚ್ಚುವರಿ ಕಿಲೋಗೆ ಹಾರಾಟದ ಗಂಟೆಗೆ 3 ರೂಪಾಯಿ ಖರ್ಚು ಅಂತ ಆಗ ಅವರೇ ಕೊಟ್ಟ ಲೆಕ್ಕ. ನನ್ನ ಲೆಕ್ಕವೂ ಅಲ್ಲಿಗೇ ಬಂದು ನಿಂತಿತು. ತೂಕದ ನೆಪದಲ್ಲಿ ಗಂಡು ಹುಡುಗರಿಗೆ ಕೆಲಸದ ಬಾಗಿಲು ಮುಚ್ಚಿದ ಆ ತೀರ್ಮಾನ ನನಗೆ ಆಗಲೂ ಸರಿ ಕಂಡಿರಲಿಲ್ಲ, ಈಗಲೂ ಇಲ್ಲ.

ಇಷ್ಟು ಚಿಲ್ಲರೆ ದುಡ್ಡಿಗೆ ಕಂಪನಿಗಳು ಯಾಕೆ ಒದ್ದಾಡುತ್ತವೆ ಅಂತ ಕೇಳಬಹುದು. ದಿನಕ್ಕೆ ನೂರಾರು ವಿಮಾನ, ವರ್ಷಕ್ಕೆ ಲಕ್ಷಾಂತರ ಗಂಟೆ. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ 2018ರಲ್ಲಿ ತನ್ನ ವಿಮಾನದೊಳಗಿನ ಪತ್ರಿಕೆಯನ್ನು ತೆಳು ಕಾಗದದಲ್ಲಿ ಅಚ್ಚು ಹಾಕಿಸಿತು. ಒಂದು ಪ್ರತಿಯಲ್ಲಿ ಉಳಿದದ್ದು ಒಂದು ಔನ್ಸ್, ಅಂದರೆ 28 ಗ್ರಾಂ. ವರ್ಷಕ್ಕೆ ಉಳಿದ ಇಂಧನ 1,70,000 ಗ್ಯಾಲನ್, ದುಡ್ಡಿನಲ್ಲಿ 2,90,000 ಡಾಲರ್. ಹನಿ ಹನಿ ಕೂಡಿ ಹಳ್ಳ. ಆದರೆ ಆ ಹಳ್ಳ ಇರುವುದು ಕಂಪನಿಯ ಖಾತೆಯಲ್ಲಿ. ಒಬ್ಬ ಪ್ರಯಾಣಿಕನ ಪಾಲಿಗೆ ಬರುವುದು ಹನಿ ಮಾತ್ರ.

ಇದು ಯಾಕೆ ಹೀಗೆ ಅಂದರೆ, ವಿಮಾನ ಮುಖ್ಯವಾಗಿ ಹೊರುವುದು ನಮ್ಮನ್ನಲ್ಲ, ತನ್ನನ್ನೇ. ನಮ್ಮಲ್ಲಿ ಎಲ್ಲ ಕಡೆ ಓಡಾಡುವ ಏರ್‌ಬಸ್ ಎ320 ನಿಯೋ ವಿಮಾನದ ಖಾಲಿ ತೂಕವೇ ಸುಮಾರು 44 ಟನ್. ಇಂಧನ, ಜನ, ಸಾಮಾನು ಎಲ್ಲ ಸೇರಿ ಅದು ಹೊತ್ತು ಏರಬಹುದಾದ ಗರಿಷ್ಠ ಭಾರ 79 ಟನ್. ಒಬ್ಬರಿಗೆ 75 ಕಿಲೋದಂತೆ 180 ಜನ ಅಂದರೆ 13.5 ಟನ್. ಅಂದರೆ ವಿಮಾನದ ತುಂಬ ಕೂತಿರುವ ಎಲ್ಲರೂ ಸೇರಿದರೂ ಒಟ್ಟು ಭಾರದ ಐದರಲ್ಲಿ ಒಂದು ಪಾಲು ದಾಟುವುದಿಲ್ಲ. ಅದರಲ್ಲಿ ಒಬ್ಬರ 20 ಕಿಲೋ ಎಲ್ಲಿ ಕಾಣಬೇಕು?

ಇನ್ನು ಟಿಕೆಟ್ ದರದ ಕಡೆ ನೋಡಿ. ಅದು ಯಾವತ್ತಾದರೂ ಖರ್ಚಿನ ಲೆಕ್ಕದ ಮೇಲೆ ನಿಂತಿದೆಯಾ? ಒಂದೇ ಸಾಲಿನಲ್ಲಿ ಕೂತ ಮೂವರು ಮೂರು ದರ ಕೊಟ್ಟಿರುತ್ತಾರೆ. ಎರಡು ತಿಂಗಳು ಮುಂಚೆ ಬುಕ್ ಮಾಡಿದವರದು ಒಂದು, ನಿನ್ನೆ ರಾತ್ರಿ ಬುಕ್ ಮಾಡಿದವರದು ಇನ್ನೊಂದು, ದೀಪಾವಳಿ ಹಿಂದಿನ ದಿನ ಊರಿಗೆ ಹೊರಟವರದು ಮತ್ತೊಂದು. ಕಂಪನಿಗಳು ಒಂದೇ ಬಗೆಯ ಸೀಟನ್ನು ಹಲವು ದರದ ಗುಂಪುಗಳಾಗಿ ಹಂಚಿ, ಅಗ್ಗದ ಗುಂಪು ಮುಗಿದ ಹಾಗೆ ಮುಂದಿನದನ್ನು ತೆರೆಯುತ್ತವೆ. ವಿಮಾನ ಮೇಲೇರಿದ ಮೇಲೆ ಖಾಲಿ ಸೀಟಿಗೆ ಬೆಲೆಯಿಲ್ಲ. ಸಂಜೆಯಾದ ಮೇಲೆ ಸಂತೆಯಲ್ಲಿ ಉಳಿದ ಸೊಪ್ಪಿನ ಹಾಗೆ. ಹಾಗಾಗಿ ಯಾರು ಎಷ್ಟು ಕೊಡಲು ತಯಾರಿದ್ದಾರೆ ಅನ್ನೋದರ ಮೇಲೆ ದರ ನಿಲ್ಲುತ್ತೆ. ಬೇಡಿಕೆಯಿಂದ ಸಾವಿರಾರು ರೂಪಾಯಿ ಏರಿಳಿಯುವ ದರದಲ್ಲಿ ತೂಕದ 200 ರೂಪಾಯಿಯನ್ನು ನ್ಯಾಯದ ಹೆಸರಿನಲ್ಲಿ ಹುಡುಕಲು ಹೋದರೆ, ಸಿಗುವ ನ್ಯಾಯ ಬಹಳ ಸಣ್ಣದು.

ಹಾಗಾದರೆ ಅಮ್ಮನ ಎರಡು ಕಿಲೋಗೆ ಯಾಕೆ ದುಡ್ಡು ಕೇಳಿದರು? ಮೇಲಿನ ಲೆಕ್ಕದಲ್ಲಿ ಎರಡು ಕಿಲೋ ರಾಗಿ ಹಿಟ್ಟು ದೆಹಲಿ ಮುಟ್ಟಲು ಬೇಕಾದ ಇಂಧನ 20 ರೂಪಾಯಿದು. ಕೌಂಟರಿನಲ್ಲಿ ಕೇಳುವುದು ಅದರ ಎಷ್ಟೋ ಪಟ್ಟು. ನಿಜ ಹೇಳಬೇಕೆಂದರೆ ಬ್ಯಾಗಿನ ದರದಲ್ಲಿ ಇಂಧನದ ಪಾಲು ಕಡಿಮೆ. ಬ್ಯಾಗನ್ನು ಇಳಿಸಿ ಏರಿಸುವ ಕೈಗಳಿಗೆ ಕೂಲಿ ಇದೆ, ವಿಮಾನದ ಹೊಟ್ಟೆಯಲ್ಲಿ ಜಾಗಕ್ಕೆ ಮಿತಿ ಇದೆ, ಆ ಜಾಗದಲ್ಲಿ ಕಾರ್ಗೋ ಕಳಿಸಿ ದುಡಿಯುವ ಅವಕಾಶವಿದೆ. ಜೊತೆಗೆ, ದರ ಇಲ್ಲದಿದ್ದರೆ ನಾವೆಲ್ಲ ಮನೆಯನ್ನೇ ಕಟ್ಟಿಕೊಂಡು ಬರುತ್ತೇವೆ ಅನ್ನುವುದೂ ಇದೆ. ಬ್ಯಾಗಿನ ತೂಕ ನಮ್ಮ ಕೈಯಲ್ಲಿದೆ. ಎರಡು ಪ್ಯಾಕೆಟ್ ತೆಗೆದರೆ ಇಳಿಯುತ್ತೆ. ಮೈತೂಕ ಕೌಂಟರಿನ ಮುಂದೆ ನಿಂತು ಇಳಿಸುವಂಥದ್ದಲ್ಲ, ಅಲ್ವಾ?

ಇಷ್ಟಾದರೂ ತೂಕ ನೋಡಿ ಟಿಕೆಟ್ ಕೊಟ್ಟ ಕಂಪನಿ ಒಂದಿತ್ತು. ಶಾಂತ ಸಾಗರದ ಸಮೋವಾ ದ್ವೀಪದ ಸಮೋವಾ ಏರ್. 2013ರಲ್ಲಿ ಈ ಸುದ್ದಿ ಜಗತ್ತಿನ ತುಂಬ ಓಡಾಡಿತು. ಬುಕ್ ಮಾಡುವಾಗ ನಮ್ಮ ತೂಕ, ಸಾಮಾನಿನ ತೂಕ ಎರಡನ್ನೂ ಹೇಳಬೇಕು, ಏರ್‌ಪೋರ್ಟಿನಲ್ಲಿ ತಕ್ಕಡಿ ಮೇಲೆ ನಿಲ್ಲಬೇಕು, ಒಟ್ಟು ಕಿಲೋಗೆ ಇಷ್ಟು ಅಂತ ದರ. ಚಿಕ್ಕ ಮಕ್ಕಳಿರುವ ಸಂಸಾರಗಳಿಗೆ ಇದರಿಂದ ಅಗ್ಗವೇ ಆಗುತ್ತೆ ಅಂತ ಕಂಪನಿ ವಾದಿಸಿತು. ಆ ವಾದದಲ್ಲಿ ಹುರುಳಿದೆ. ನಮ್ಮಲ್ಲಿ ಎರಡು ವರ್ಷ ದಾಟಿದ ಮಗುವಿಗೆ ಸಾಮಾನ್ಯವಾಗಿ ದೊಡ್ಡವರ ದರವೇ ಕೊಡುತ್ತೇವೆ. 12 ಕಿಲೋ ಮಗುವಿಗೆ 80 ಕಿಲೋ ಅಪ್ಪನ ದರ.

ಆದರೆ ಸಮೋವಾ ಏರ್ ಹಾರಿಸುತ್ತಿದ್ದದ್ದು ಎಂಥ ವಿಮಾನಗಳನ್ನು? ಬ್ರಿಟನ್-ನಾರ್ಮನ್ ಐಲ್ಯಾಂಡರ್, ಸೆಸ್ನಾ. ಐಲ್ಯಾಂಡರ್‌ನಲ್ಲಿ ಪೈಲಟ್ ಬಿಟ್ಟರೆ ಒಂಬತ್ತು ಜನ ಹಿಡಿಸಬಹುದು, ಒಟ್ಟು ಭಾರ 3 ಟನ್ ಒಳಗೆ. ಅಲ್ಲಿ ಇಬ್ಬರು ದೊಡ್ಡ ಮೈಯವರು ಹತ್ತಿದರೆ ಒಬ್ಬರ ಸೀಟನ್ನು ಖಾಲಿ ಬಿಡಬೇಕಾಗಬಹುದು. ಖಾಲಿ ಬಿಟ್ಟ ಸೀಟು ಅಂದರೆ ಒಂದು ಟಿಕೆಟ್ಟಿನ ದುಡ್ಡೇ ಹೋಯಿತು. ಅಂಥ ಕಡೆ ತೂಕವೂ ದರವೂ ನಿಜಕ್ಕೂ ಒಂದೇ ತಕ್ಕಡಿಯಲ್ಲಿವೆ. ನಮ್ಮಲ್ಲೂ ಇದು ಹೊಸದಲ್ಲ. ಕೇದಾರನಾಥಕ್ಕೆ ಹೆಲಿಕಾಪ್ಟರ್‌ನಲ್ಲಿ ಹೋದವರನ್ನು ಕೇಳಿ. ಹತ್ತುವ ಮೊದಲು ತೂಕ ನೋಡುತ್ತಾರೆ, 80 ಕಿಲೋ ದಾಟಿದರೆ ಕಿಲೋ ಲೆಕ್ಕದಲ್ಲಿ ಹೆಚ್ಚುವರಿ ಕೊಡಬೇಕು. ಎತ್ತರದ ಬೆಟ್ಟ, ತೆಳು ಗಾಳಿ, ಐದಾರು ಜನರ ಹೆಲಿಕಾಪ್ಟರ್. ಅಲ್ಲಿ ಯಾರೂ ಅವಮಾನ ಅಂದುಕೊಳ್ಳುವುದಿಲ್ಲ, ಯಾಕೆ ಕೇಳುತ್ತಿದ್ದಾರೆ ಅಂತ ಕಣ್ಣಿಗೇ ಕಾಣುತ್ತೆ.

ಹಂಪಿಯಲ್ಲಿ ಹರಿಗೋಲು ಹತ್ತಿದವರಿಗೂ ಇದು ಗೊತ್ತು. ಅಂಬಿಗ ಒಂದು ಸಲ ಎಲ್ಲರನ್ನೂ ನೋಡುತ್ತಾನೆ. "ಅಣ್ಣಾ, ನೀವು ಆ ಕಡೆ ಬರ್ರಿ. ಅಕ್ಕಾ, ನೀವು ಮಗೂನ ಹಿಡ್ಕೊಂಡು ಇಲ್ಲಿ ಕೂಡ್ರಿ" ಅಂತ ಕೂರಿಸುತ್ತಾನೆ. ಅವನ ಕಣ್ಣೇ ತಕ್ಕಡಿ. ನಾವು ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ, ಎಲ್ಲರೂ ಒಂದೇ ದುಡ್ಡು ಕೊಟ್ಟೆವು. ಅಂಬಿಗನಿಗೆ ನಮ್ಮ ತೂಕ ಬೇಕಾಗಿದ್ದು ಎಲ್ಲಿ ಕೂರಿಸಬೇಕು ಅಂತ ತಿಳಿಯಲು.

ವಿಮಾನದಲ್ಲೂ ನಡೆಯುವುದು ಇದೇ. ಹೊರಡುವ ಮುಂಚೆ ಲೋಡ್ ಶೀಟ್ ಅಂತ ಒಂದು ಲೆಕ್ಕ ಪೈಲಟ್ ಕೈಗೆ ಬರುತ್ತೆ. ಎಷ್ಟು ಜನ, ಎಷ್ಟು ಸಾಮಾನು, ಎಷ್ಟು ಇಂಧನ, ಭಾರ ಮುಂದೆ ಎಷ್ಟಿದೆ, ಹಿಂದೆ ಎಷ್ಟಿದೆ ಎಲ್ಲ ಅದರಲ್ಲಿ. ಯಾವ ವೇಗದಲ್ಲಿ ನೆಲ ಬಿಡಬೇಕು ಅನ್ನುವುದು ಆ ಲೆಕ್ಕದಿಂದಲೇ ತೀರ್ಮಾನ. ಭಾರ ಬಾಲದ ಕಡೆ ಜಾಸ್ತಿಯಾದರೆ ಮೂಗು ತಾನಾಗಿ ಮೇಲೇಳಲು ನೋಡುತ್ತೆ, ವಿಮಾನ ಹಿಡಿತಕ್ಕೆ ಸಿಗದೆ ಹೋಗಬಹುದು. ಪ್ರೊಪೆಲ್ಲರ್ ಇರುವ ಸಣ್ಣ ಎಟಿಆರ್ ವಿಮಾನದಲ್ಲಿ ಜನ ಕಡಿಮೆ ಇದ್ದಾಗ "ದಯವಿಟ್ಟು ನಿಮಗೆ ಕೊಟ್ಟ ಸೀಟಿನಲ್ಲೇ ಕೂತುಕೊಳ್ಳಿ" ಅಂತ ಒತ್ತಿ ಹೇಳುವುದು ಇದಕ್ಕೇ. ಸೀಟು ಖಾಲಿ ಇದೆಯಲ್ಲ, ಹಿಂದೆ ಹೋಗಿ ಕಾಲು ಚಾಚೋಣ ಅನ್ನುವ ಮುಂಚೆ ಹರಿಗೋಲು ನೆನಪಿಸಿಕೊಳ್ಳಿ.

ಆದರೆ ಆ ಲೋಡ್ ಶೀಟಿನಲ್ಲಿ ನನ್ನ ತೂಕ, ನಿಮ್ಮ ತೂಕ ಇರುವುದಿಲ್ಲ. ಇರುವುದು ಸರಾಸರಿ. ಭಾರತದಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಲೆಕ್ಕ ದೊಡ್ಡವರಿಗೆ 75 ಕಿಲೋ, ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ 35, ಕೂಸುಗಳಿಗೆ 10. ಯುರೋಪಿನಲ್ಲಿ ದೊಡ್ಡ ವಿಮಾನಗಳಿಗೆ ಕೈಚೀಲವೂ ಸೇರಿ 84 ಕಿಲೋ. ಅಮ್ಮನೂ 75, ಅವರ ಪಕ್ಕ ಕೂತ 95 ಕಿಲೋ ಮನುಷ್ಯರೂ 75. ಇದು ತಪ್ಪಲ್ವಾ? ದೊಡ್ಡ ವಿಮಾನದಲ್ಲಿ ತಪ್ಪಲ್ಲ. 180 ಜನ ಸೇರಿದಾಗ ಹಗುರದವರೂ ಭಾರದವರೂ ಒಬ್ಬರನ್ನೊಬ್ಬರು ಸರಿತೂಗಿಸುತ್ತಾರೆ. ಒಂಬತ್ತು ಜನರಲ್ಲಿ ಒಂಬತ್ತೂ ಜನ ಗರಡಿ ಮನೆಯ ಪೈಲ್ವಾನರೇ ಆಗಿಬಿಡಬಹುದು. 180 ಜನರಲ್ಲಿ ಹಾಗೆ ಆಗುವುದು ತೀರಾ ಅಪರೂಪ. ಸಣ್ಣ ವಿಮಾನಗಳಲ್ಲಿ ಸರಾಸರಿ ಬಿಟ್ಟು ನಿಜವಾದ ತೂಕವನ್ನೇ ಹಿಡಿಯುವುದು ಇದೇ ಕಾರಣಕ್ಕೆ.

ಅಪಾಯ ಇರುವುದು ಸರಾಸರಿಯೇ ಹಳತಾದಾಗ. 2003ರ ಜನವರಿ 8ರಂದು ಅಮೆರಿಕದ ಷಾರ್ಲೆಟ್ ನಗರದಲ್ಲಿ ಏರ್ ಮಿಡ್‌ವೆಸ್ಟ್ ಕಂಪನಿಯ ಬೀಚ್‌ಕ್ರಾಫ್ಟ್ 1900 ವಿಮಾನ ಏರುತ್ತಿದ್ದ ಹಾಗೆಯೇ ನೆಲಕ್ಕೆ ಬಿತ್ತು. ಒಳಗಿದ್ದ 21 ಜನರೂ ಸತ್ತರು. ಮೂಗನ್ನು ಮೇಲೆ ಕೆಳಗೆ ಮಾಡುವ ಬಾಲದ ರೆಕ್ಕೆಯ (ಎಲಿವೇಟರ್) ಕೇಬಲ್ ಅನ್ನು ರಿಪೇರಿ ಮಾಡುವಾಗ ತಪ್ಪಾಗಿ ಹೊಂದಿಸಿದ್ದರು. ಅದರ ಮೇಲೆ ಬಾಲದ ಕಡೆ ಮಿತಿ ಮೀರಿದ ಭಾರ. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇತ್ತು, ಯಾಕೆಂದರೆ ಅದು ನಿಯಮದಲ್ಲಿದ್ದ ಸರಾಸರಿ ತೂಕ. ಅಪಘಾತದ ನಂತರ ಬೇರೆ ಪ್ರಯಾಣಿಕರನ್ನು ನಿಜವಾಗಿ ತೂಗಿ ನೋಡಿದರೆ, ತಲಾ ಆ ಸರಾಸರಿಗಿಂತ ಸುಮಾರು 9 ಕಿಲೋ ಜಾಸ್ತಿ ಬಂತು. ಕಾಲ ಬದಲಾಗಿತ್ತು, ಜನ ದಪ್ಪ ಆಗಿದ್ದರು, ಪುಸ್ತಕದ ಅಂಕಿ ಮಾತ್ರ ಅಲ್ಲೇ ಇತ್ತು. ಆಮೇಲೆ ಅಂಕಿಯನ್ನು ಏರಿಸಿದರು.

ಇನ್ನೊಂದು ಘಟನೆ 2020ರ ಜುಲೈನದು. ಬರ್ಮಿಂಗ್‌ಹ್ಯಾಮ್‌ನಿಂದ ಮಯೋರ್ಕಾ ದ್ವೀಪಕ್ಕೆ ಹೊರಟ ಟಿಯುಐ ಕಂಪನಿಯ ಬೋಯಿಂಗ್ 737. ಹೆಸರಿನ ಮುಂದೆ 'ಮಿಸ್' ಅಂತ ಇದ್ದ ಹೆಂಗಸರನ್ನೆಲ್ಲ ಸಾಫ್ಟ್‌ವೇರ್ ಚಿಕ್ಕ ಹುಡುಗಿಯರು ಅಂತ ತಿಳಿದುಕೊಂಡಿತು. ಆ ಸಾಫ್ಟ್‌ವೇರ್ ಬರೆದ ದೇಶದಲ್ಲಿ 'ಮಿಸ್' ಅಂದರೆ ಮಗು. ಬ್ರಿಟನ್ನಿನಲ್ಲಿ, ನಮ್ಮಲ್ಲಿ ಇರುವ ಹಾಗೆಯೇ, ಮದುವೆಯಾಗದ ಹೆಂಗಸು ಎಷ್ಟೇ ದೊಡ್ಡವರಾದರೂ 'ಮಿಸ್'. 38 ಜನ ಹೆಂಗಸರಿಗೆ 69 ಕಿಲೋ ಹಿಡಿಯುವ ಬದಲು 35 ಹಿಡಿದು, ಲೋಡ್ ಶೀಟಿನಲ್ಲಿ ವಿಮಾನ ಇದ್ದದ್ದಕ್ಕಿಂತ 1,244 ಕಿಲೋ ಹಗುರ ಅಂತ ಬಂತು. ವಿಮಾನ ಸುರಕ್ಷಿತವಾಗಿ ಹೋಗಿ ಇಳಿಯಿತು. ಆದರೂ ಬ್ರಿಟನ್ನಿನ ತನಿಖೆಯವರು ಇದನ್ನು ಗಂಭೀರ ಘಟನೆ ಅಂತಲೇ ದಾಖಲಿಸಿದರು.

ಆದ್ದರಿಂದ ಜನರನ್ನು ತೂಗಬೇಕು. ಆಗಾಗ, ಒಪ್ಪಿಗೆ ಪಡೆದು, ಹೆಸರು ಬರೆದುಕೊಳ್ಳದೆ. ಏರ್ ನ್ಯೂಜಿಲೆಂಡ್ 2023ರಲ್ಲಿ ಆಕ್ಲೆಂಡ್‌ನಿಂದ ಹೊರದೇಶಕ್ಕೆ ಹೊರಟ 10,000ಕ್ಕೂ ಹೆಚ್ಚು ಜನರನ್ನು ಹೀಗೇ ತೂಗಲು ಹೊರಟಿತು. ಇಷ್ಟವಿದ್ದವರು ಮಾತ್ರ ಕೈಚೀಲ ಹಿಡಿದು ತಕ್ಕಡಿ ಮೇಲೆ ನಿಂತರು. ಅಂಕಿ ಪಕ್ಕದಲ್ಲಿ ನಿಂತ ಸಿಬ್ಬಂದಿಗೂ ಕಾಣುತ್ತಿರಲಿಲ್ಲ, ಸೀದಾ ಕಂಪ್ಯೂಟರಿಗೆ ಹೋಗುತ್ತಿತ್ತು. ಅದೇ ವರ್ಷ ಕೊರಿಯನ್ ಏರ್, 2024ರಲ್ಲಿ ಫಿನ್‌ಏರ್ ಕೂಡ ಇದನ್ನೇ ಮಾಡಿದವು. ಯಾರ ಟಿಕೆಟ್ಟಿಗೂ ಇದರ ಸಂಬಂಧವಿರಲಿಲ್ಲ. ನಮ್ಮ 75ನ್ನೂ ಹೀಗೆ ಆಗಾಗ ತೂಗಿ ನೋಡಬೇಕು ಅನ್ನೋದು ನನ್ನ ಆಸೆ. ಅದರಲ್ಲೂ ಎಟಿಆರ್ ವಿಮಾನಗಳಿಗೆ. 78 ಜನರಲ್ಲಿ ಒಬ್ಬೊಬ್ಬರ ಸರಾಸರಿ ಐದು ಕಿಲೋ ತಪ್ಪಿದರೆ 390 ಕಿಲೋ ಲೆಕ್ಕಕ್ಕೇ ಸಿಗದೆ ಹೋಗುತ್ತೆ. ಒಟ್ಟು 23 ಟನ್ನಿನ ವಿಮಾನಕ್ಕೆ ಅದು ಕಡಿಮೆಯಲ್ಲ.

ದರದ ವಾದಕ್ಕೆ ಮತ್ತೆ ಬರುತ್ತೇನೆ. ನಾರ್ವೆಯಲ್ಲಿ ಪಾಠ ಮಾಡುತ್ತಿದ್ದ ಭರತ್ ಭಟ್ಟ ಎಂಬ ಅರ್ಥಶಾಸ್ತ್ರಜ್ಞರು 2013ರಲ್ಲಿ ಮೂರು ದಾರಿ ಸೂಚಿಸಿದ್ದರು. ಕಿಲೋಗೆ ಇಷ್ಟು ಅಂತ ನೇರ ದರ ಒಂದು. ಎಲ್ಲರಿಗೂ ಒಂದು ಮೂಲ ದರ ಇಟ್ಟು, ಹಗುರ ಇದ್ದವರಿಗೆ ಕಿಲೋ ಲೆಕ್ಕದಲ್ಲಿ ರಿಯಾಯಿತಿ, ಭಾರ ಇದ್ದವರಿಗೆ ಹೆಚ್ಚುವರಿ ಹಾಕುವುದು ಎರಡನೆಯದು. ಹಗುರ, ಮಧ್ಯಮ, ಭಾರ ಅಂತ ಮೂರೇ ಗುಂಪು ಮಾಡುವುದು ಮೂರನೆಯದು. ಕೇಳಲು ಚೆನ್ನಾಗಿವೆ. ಆದರೆ ಕೌಂಟರಿನ ಮುಂದೆ ನಿಲ್ಲುವವರು ಯಾರು ಅಂತ ಯೋಚಿಸಿ. ಏಳು ತಿಂಗಳ ಬಸುರಿ. ಸ್ಟೀರಾಯ್ಡ್ ಮಾತ್ರೆಯಿಂದ ಮೈ ಊದಿಕೊಂಡ ರೋಗಿ. ಥೈರಾಯ್ಡ್ ಇರುವವರು. ಆರಡಿ ಎರಡಂಗುಲ ಎತ್ತರದ ವಾಲಿಬಾಲ್ ಆಟಗಾರ, ಮೈಯಲ್ಲಿ ಒಂದು ಚೂರೂ ಕೊಬ್ಬಿಲ್ಲ. ಇವರನ್ನೆಲ್ಲ ಬಿಡುತ್ತೇವೆ ಅಂದರೆ ಬಸುರಿ ಪ್ರಮಾಣಪತ್ರ ತರಬೇಕು, ರೋಗಿ ತನ್ನ ರೋಗವನ್ನು ಸಾಲಿನಲ್ಲಿ ನಿಂತು ಹೇಳಬೇಕು. ಬಿಡುವುದಿಲ್ಲ ಅಂದರೆ ಅವರ ಹತ್ತಿರ ದಂಡ ಕಟ್ಟಿಸಿಕೊಂಡ ಹಾಗೆ. ಎಷ್ಟಕ್ಕೆ? ದೆಹಲಿಗೆ 200 ರೂಪಾಯಿಗೆ.

ನಾವು ಮನುಷ್ಯರನ್ನು ತಕ್ಕಡಿಯಲ್ಲಿ ಕೂರಿಸುವುದೇ ಇಲ್ಲ ಅಂತಲ್ಲ. ಮಗು ಹುಷಾರಾದರೆ ತುಲಾಭಾರ ಹರಕೆ ಹೊರುತ್ತೇವೆ, ಬೆಲ್ಲವನ್ನೋ ಬಾಳೆಹಣ್ಣನ್ನೋ ಎದುರಿಗೆ ಇಟ್ಟು ತೂಗುತ್ತೇವೆ. ಅಲ್ಲಿ ಭಾರ ಹೆಚ್ಚಿದಷ್ಟೂ ಮನೆಯವರಿಗೆ ಖುಷಿ. ತೂಗುವುದರಲ್ಲಿ ತಪ್ಪಿಲ್ಲ. ಯಾಕೆ ತೂಗುತ್ತಿದ್ದಾರೆ ಅನ್ನೋದು ಮುಖ್ಯ.

ಪಕ್ಕದ ಸೀಟಿನವರ ತೂಕದ ಬಗ್ಗೆ ಜನ ಬೇಜಾರು ಮಾಡಿಕೊಳ್ಳುವಾಗ ಅದು ನಿಜಕ್ಕೂ ಇಂಧನದ ಬೇಜಾರಲ್ಲ ಅಂತ ನನಗನಿಸುತ್ತೆ. ಅದು ಕೈ ಇಡುವ ಹಿಡಿಯ ಜಗಳ. ಎಕಾನಮಿ ಸೀಟಿನ ಅಗಲ 17–18 ಅಂಗುಲ. ಹೆಗಲು ಅಗಲ ಇರುವ ಯಾರಿಗೂ ಅದು ಸಾಲದು. ತೂಕಕ್ಕೆ ದರ ಹಾಕಿದರೆ ಸೀಟು ಅಂಗುಲವೂ ಅಗಲವಾಗುವುದಿಲ್ಲ. ಜಾಸ್ತಿ ಕೊಟ್ಟವರು ಅದೇ ಇಕ್ಕಟ್ಟಿನಲ್ಲಿ, ಕಡಿಮೆ ಕೊಟ್ಟವರೂ ಅದೇ ಇಕ್ಕಟ್ಟಿನಲ್ಲಿ. ಕೆನಡಾದಲ್ಲಿ ಇದನ್ನು ಬೇರೆ ರೀತಿ ಬಿಡಿಸಿದರು. ಅಂಗವೈಕಲ್ಯದಿಂದ, ಅಥವಾ ಅಂಗವೈಕಲ್ಯ ಅನ್ನುವ ಮಟ್ಟಿಗಿನ ಸ್ಥೂಲಕಾಯದಿಂದ ಒಬ್ಬರಿಗೆ ಎರಡು ಸೀಟು ಬೇಕಾದರೆ, ದೇಶದೊಳಗಿನ ಹಾರಾಟದಲ್ಲಿ ಒಂದೇ ದರ ತೆಗೆದುಕೊಳ್ಳಬೇಕು ಅಂತ ಅಲ್ಲಿನ ಸಾರಿಗೆ ಪ್ರಾಧಿಕಾರ 2008ರಲ್ಲಿ ಆದೇಶ ಮಾಡಿತು. ಒಬ್ಬ ಮನುಷ್ಯ, ಒಂದು ದರ. ಕಂಪನಿಗಳು ಸುಪ್ರೀಂ ಕೋರ್ಟ್ ತನಕ ಹೋದವು, ಕೋರ್ಟ್ ಮೇಲ್ಮನವಿ ಕೇಳಲು ಒಪ್ಪಲಿಲ್ಲ.

ದೆಹಲಿಯಿಂದ ವಾಪಸ್ ಬರುವಾಗ ಅಮ್ಮ ಕಿಟಕಿ ಪಕ್ಕ, ನಾನು ಮಧ್ಯ. ಆಚೆ ಕಡೆ ಕೂತವರು ದೊಡ್ಡ ಮೈಯವರು, ಸೀಟ್ ಬೆಲ್ಟ್ ಸಾಲದೆ ಎರಡು ಸಲ ಎಳೆದು ನೋಡಿದರು, ಆಮೇಲೆ ಕೈಯಲ್ಲೇ ಹಿಡಿದು ಕೂತರು. ಕೇಳಲು ಅವರಿಗೆ ಸಂಕೋಚ ಅಂತ ಗೊತ್ತಾಯಿತು. ಅಮ್ಮ ನನ್ನ ಮೊಣಕೈ ತಿವಿದು, "ಅದೇನೋ ಜೋಡಿಸೋ ಬೆಲ್ಟ್ ಇರುತ್ತಂತಲ್ಲ, ಕೇಳೋ" ಅಂದರು. ಗಗನಸಖಿಯನ್ನು ಕರೆದು ಮೆಲ್ಲಗೆ ಕೇಳಿದೆ. ಆಕೆ ಅಂಗೈಯಲ್ಲಿ ಮಡಚಿ ಹಿಡಿದುಕೊಂಡು ತಂದು, ಯಾರಿಗೂ ಕಾಣದ ಹಾಗೆ ಅವರ ಕೈಗೆ ಕೊಟ್ಟು ಹೋದಳು. ಅದಕ್ಕೆ ದುಡ್ಡು ಕೇಳಲಿಲ್ಲ.